ಅಕ್ಕನ ಆಟೀನ್ ರಾಣಿ

ನಮ್ಮ ಮನೆಯ ಇಸ್ಪೀಟು ಕಟ್ಟಿನಲ್ಲಿ ಐವತ್ತೊಂದು ಎಲೆ ಅಂಗಡಿಯವು, ಒಂದು ಎಲೆ ಗಿರಿಜಕ್ಕನದು. ಅಸಲಿ ಆಟೀನ್ ರಾಣಿಯನ್ನು, ಅಂದರೆ ಕೆಂಪು ಹೃದಯದ ಗುರುತಿನ ರಾಣಿಯನ್ನು, ನಮ್ಮ ಮನೆಯ ಕರು ತಿಂದುಹಾಕಿತ್ತು. ನೀವು ನಂಬಲಿಕ್ಕಿಲ್ಲ, ಆದರೆ ಎಲೆಗಳನ್ನು ಅಂಗಳದ ಚಾಪೆಯ ಮೇಲೆ ಬಿಟ್ಟು ಊಟಕ್ಕೆ ಎದ್ದುಹೋದ ಮನೆಯವರಿಗೆ ಕರುವಿನ ಮೇಲೆ ಕೋಪ ಮಾಡಿಕೊಳ್ಳುವ ಹಕ್ಕಿಲ್ಲ. ವಾಪಸ್ಸು ಬರುವ ಹೊತ್ತಿಗೆ ರಾಣಿಯ ಕಿರೀಟದ ತುದಿ ಮಾತ್ರ ಅದರ ಬಾಯಿಂದ ಹೊರಗಿತ್ತು. ಹೊಸ ಕಟ್ಟು ಬೇಕೆಂದರೆ ಹಾಗಲವಾಡಿಯ ಆಚೆ ಇರುವ ನಮ್ಮೂರಿನಿಂದ ಗುಬ್ಬಿಗೆ ಹೋಗಬೇಕು. ಅಕ್ಕ ಒಳಗೆ ಹೋಗಿ ಯಾರದೋ ಮದುವೆಯ ಆಮಂತ್ರಣ ಪತ್ರಿಕೆಯನ್ನು ಅಳತೆಗೆ ಕತ್ತರಿಸಿ, ಕೆಂಪು ಬಾಲ್‌ಪೆನ್ನಿನಲ್ಲಿ ಒಬ್ಬ ರಾಣಿಯನ್ನು ಬರೆದು ತಂದಳು. ರಾಣಿಗೆ ಕಿರೀಟ ಇರಲಿಲ್ಲ. ಮೂಗುತಿ ಇತ್ತು, ಮುಡಿಯ ತುಂಬ ಕನಕಾಂಬರ ಇತ್ತು.

ಎಲೆಯೇನೋ ಸರಿಹೋಯಿತು, ಆದರೆ ಬೆನ್ನು ಕೈಕೊಟ್ಟಿತು. ಪತ್ರಿಕೆಯ ಹಿಂಬದಿಯಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದು ಅಚ್ಚಾಗಿತ್ತು. ಯಾರ ಕೈಗೆ ಆಟೀನ್ ರಾಣಿ ಬಂದರೂ ಎದುರಿಗೆ ಕೂತವರೆಲ್ಲ ಅದನ್ನು ಓದಬಹುದಾಗಿತ್ತು. ಆ ಎಲೆ ಕೈಯಲ್ಲಿದ್ದವನು ಬುರುಡೆ ಹೊಡೆಯುವ ಆಸೆ ಬಿಡಬೇಕಿತ್ತು. ಅಕ್ಕನಿಗೆ ಇದನ್ನು ಹೇಳಿ ನಾವೆಲ್ಲ ನಕ್ಕಾಗ ಅವಳು ಸಿಟ್ಟಾಗಿ, ಬೇಕಾದರೆ ಆಡಿ, ಇಲ್ಲದಿದ್ದರೆ ಕರುವನ್ನೇ ಕರೆದು ಕೂರಿಸಿಕೊಳ್ಳಿ ಎಂದಿದ್ದಳು.

ಈ ಯುಗಾದಿಗೆ ಸುಣ್ಣ ಬಳಿಸಬೇಕೆಂದು ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ ಆ ಕಟ್ಟು ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೆ ಬಂದು ಇದ್ದಾಳೆ. ಅವಳ ಟ್ರಂಕಿನ ಜೊತೆ ಬಂದ ಬಿಸ್ಕತ್ತಿನ ಡಬ್ಬಿಯೊಳಗೆ ಇಸ್ಪೀಟು ಕಟ್ಟೂ ಎರಡು ಬೊಗಸೆ ಹುಣಸೆ ಬೀಜವೂ ಇದ್ದವು. ಬೀಜಗಳಿಗೆ ಹುಳ ಬಿದ್ದಿತ್ತು. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು ಇದನ್ನು ಎಸೀರಿ ಎಂದಳು. ನಾನು ಎಸೆಯಲಿಲ್ಲ. ಅಟ್ಟದ ಏಣಿಯ ಮೇಲೆ ನಿಂತುಕೊಂಡೇ ಎಲೆ ಎಣಿಸುತ್ತ ಹೋದೆ. ಆಟೀನ್ ರಾಣಿ ಬಂದಾಗ ಕೆಳಗಿಳಿದು ಕೂತುಬಿಟ್ಟೆ.

ಹುಣಸೆ ಬೀಜದ ಕಥೆ ಹೇಳಬೇಕೆಂದರೆ ವರ್ಷತೊಡಕಿನ ವಿಷಯ ಹೇಳಬೇಕು. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷತೊಡಕು. ಅವತ್ತು ಏನು ಮಾಡುತ್ತೀವೋ ಅದೇ ವರ್ಷವೆಲ್ಲ ನಡೆಯುತ್ತದೆ ಎಂಬ ನಂಬಿಕೆ. ಹಾಗಾಗಿ ಅವತ್ತು ಯಾರೂ ಅಳುವುದಿಲ್ಲ, ಯಾರೂ ಬೈಯುವುದಿಲ್ಲ, ಎಲ್ಲರೂ ಬಾಡೂಟ ಉಂಡು ಇಸ್ಪೀಟು ಆಡುತ್ತಾರೆ. ವರ್ಷವೆಲ್ಲ ಇಸ್ಪೀಟು ಆಡಿದರೆ ಹೊಟ್ಟೆಗೇನು ಎಂದು ಯಾರೂ ಕೇಳುವುದಿಲ್ಲ. ಗಂಡಸರು ತೋಟಗಳಲ್ಲಿ ಕಾಸಿಟ್ಟು ಆಡುತ್ತಿದ್ದರು. ನಮ್ಮ ಮನೆಯಲ್ಲಿ ಅವ್ವ ಕಾಸಿಗೆ ಅವಕಾಶ ಕೊಡುತ್ತಿರಲಿಲ್ಲ. ಆದ್ದರಿಂದ ಅಪ್ಪ ಮಧ್ಯಾಹ್ನದ ಊಟ ಮುಗಿಸಿ ಹಲಸಿನ ಮರದ ಕೆಳಗೆ ಚಾಪೆ ಹಾಕಿಸಿ, ತಲೆಗೆ ಐವತ್ತರಂತೆ ಹುಣಸೆ ಬೀಜ ಹಂಚುತ್ತಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಗುಬ್ಬಿಯಲ್ಲಿ ಪಿಯುಸಿ ಓದುತ್ತಿದ್ದೆ. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು.

ಆಡುತ್ತಿದ್ದುದು ಮೂರೆಲೆ ಆಟ. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಒಬ್ಬೊಬ್ಬರಿಗೆ ಮೂರು ಎಲೆ ಬರುತ್ತವೆ. ನೋಡಿಯೂ ಆಡಬಹುದು, ಮಗುಚಿಟ್ಟುಕೊಂಡು ಕುರುಡಾಗಿಯೂ ಆಡಬಹುದು. ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಸುತ್ತಿಗೊಮ್ಮೆ ಬೀಜ ಹಾಕುತ್ತ ಹೋಗಬೇಕು, ಹೆದರಿದವನು ಎಲೆ ಚೆಲ್ಲಿ ಇಳಿಯುತ್ತಾನೆ. ಕೊನೆಗೆ ಇಬ್ಬರು ಉಳಿದಾಗ ಒಬ್ಬ 'ಶೋ' ಎಂದು ಕೇಳುತ್ತಾನೆ, ಆಗ ಎಲೆ ತೋರಿಸಬೇಕು. ಕೈಯಲ್ಲಿ ಏನೂ ಇಲ್ಲದೆ ರಾಜನೇ ಇರುವವನ ಹಾಗೆ ಬೀಜ ಸುರಿದು ಎದುರಿನವರನ್ನು ಇಳಿಸುವುದಕ್ಕೆ ಓದಿದವರು ಬ್ಲಫ್ ಅನ್ನುತ್ತಾರೆ. ನಮ್ಮೂರಿನಲ್ಲಿ ಅದು ಬುರುಡೆ.

ಅಪ್ಪ ಬುರುಡೆ ಹೊಡೆಯುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಒಳ್ಳೆಯ ಎಲೆ ಬಂದರೂ ಕೆಟ್ಟ ಎಲೆ ಬಂದರೂ ಅವನು ವೀಳ್ಯದೆಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗಿಟ್ಟುಕೊಂಡ ಮೇಲೆಯೇ ಬೀಜ ಹಾಕುತ್ತಿದ್ದ. ಆ ಮುಖ ಓದಲು ನಮ್ಮ ಚಿಕ್ಕಪ್ಪಂದಿರೆಲ್ಲ ಸೇರಿ ಪ್ರಯತ್ನಿಸಿ ಸೋತಿದ್ದರು. ಯಾವಾಗ ಬುರುಡೆ ಹೊಡೆಯಬೇಕು ಎನ್ನುವುದರ ಬಗ್ಗೆ ಅವನಿಗೆ ತನ್ನದೇ ಲೆಕ್ಕ ಇತ್ತು. ಕಳೆದುಕೊಳ್ಳಲು ಏನೂ ಇಲ್ಲದವನ ಮುಂದೆ ಹೊಡೆಯಬಾರದು, ಅವನು ಹೆದರುವುದಿಲ್ಲ. ತಾನೂ ಬುರುಡೆ ಹೊಡೆಯುತ್ತಿರುವವನ ಮುಂದಂತೂ ಹೊಡೆಯಲೇಬಾರದು, ಇಬ್ಬರೂ ಹಳ್ಳಕ್ಕೆ ಬೀಳುತ್ತಾರೆ. ಇದನ್ನೆಲ್ಲ ಅವನು ಪಾಠದ ಹಾಗೆ ಹೇಳಿದವನಲ್ಲ. ಆಟದ ನಡುವೆ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಅರ್ಧ ಕೇಳಿಸುವ ಹಾಗೆ ಗೊಣಗುತ್ತಿದ್ದ.

ಒಂದನ್ನು ಮಾತ್ರ ನೇರವಾಗಿ ನನಗೇ ಹೇಳಿದ. ಒಂದು ಸಲ ನನ್ನ ಬೀಜಗಳೆಲ್ಲ ಮುಗಿದು, ಅಕ್ಕನ ಗುಡ್ಡೆಯಿಂದ ಒಂದು ಹಿಡಿ ಎತ್ತಿಕೊಂಡು ಜೋರಾಗಿ ಬುರುಡೆ ಹೊಡೆದು ಎಲ್ಲವನ್ನೂ ಕಳೆದಿದ್ದೆ. ಅಪ್ಪ ಅಂದ, "ಬುರುಡೆ ಹೊಡಿಯೋದಾದ್ರೆ ನಿನ್ ಬೀಜ ಇಟ್ಟು ಹೊಡಿ ಕಣ್ಲಾ. ಇನ್ನೊಬ್ರು ಬೀಜ ಇಟ್ಟು ಹೊಡೀಬ್ಯಾಡ."

ನನಗೆ ಇನ್ನೊಂದು ಕೆಟ್ಟ ಚಾಳಿಯಿತ್ತು. ಬುರುಡೆ ಹೊಡೆದು ಗೆದ್ದ ಮೇಲೆ ಎಲೆಗಳನ್ನು ಮಗುಚಿ ಎಲ್ಲರಿಗೂ ತೋರಿಸುತ್ತಿದ್ದೆ. ಎರಡು, ಐದು, ಒಂಬತ್ತು ಎಂಬಂಥ ಬಡಪಾಯಿ ಎಲೆಗಳು. ಇಷ್ಟಿಟ್ಟುಕೊಂಡು ನಿಮ್ಮನ್ನು ಹೇಗೆ ಓಡಿಸಿದೆ ನೋಡಿ ಎಂಬ ಮೆರೆದಾಟ. ಆಗ ಅಪ್ಪ ನಿಜವಾಗಿಯೂ ಸಿಟ್ಟಾಗುತ್ತಿದ್ದ. ತೋರಿಸು ಎಂದು ಯಾರು ಕೇಳಿದರು ನಿನ್ನನ್ನು, ಕೇಳದೆ ಎಲೆ ಮಗುಚಬಾರದು, ಸೋತವನು ಒಂದು ಸಲ ಸೋತಾಗಿದೆ, ಈಗ ತೋರಿಸಿ ಎರಡನೆಯ ಸಲ ಸೋಲಿಸಬೇಡ ಎನ್ನುತ್ತಿದ್ದ. ನಾನು ತಲೆಯಾಡಿಸಿ ಮುಂದಿನ ಸಲವೂ ತೋರಿಸುತ್ತಿದ್ದೆ.

ಅಕ್ಕನಿಗೆ ಬುರುಡೆ ಹೊಡೆಯಲು ಬರುತ್ತಲೇ ಇರಲಿಲ್ಲ. ಒಳ್ಳೆಯ ಎಲೆ ಬಂದರೆ ಅವಳ ಕಿವಿ ಕೆಂಪಾಗುತ್ತಿತ್ತು, ಜಡೆ ಮುಂದಕ್ಕೆ ಬರುತ್ತಿತ್ತು. ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗಿಬಿಡುತ್ತಿತ್ತು. ಕೊನೆಗೆ ಅವಳೊಂದು ಉಪಾಯ ಕಂಡುಕೊಂಡಳು. ಎಲೆ ನೋಡುವುದನ್ನೇ ಬಿಟ್ಟಳು. ಮೂರೂ ಎಲೆಗಳನ್ನು ಮಗುಚಿಟ್ಟು, ಮೇಲೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹೇರಿ, ಕೊನೆಯವರೆಗೂ ಬ್ಲೈಂಡ್ ಆಡುತ್ತಿದ್ದಳು. ನಾವು ಅವಳ ಮುಖವನ್ನು ದಿಟ್ಟಿಸಿ ದಿಟ್ಟಿಸಿ ಸುಸ್ತಾಗುತ್ತಿದ್ದೆವು. ಇದೇನಕ್ಕ ಅನ್ಯಾಯ ಎಂದರೆ, "ನಂಗೇ ಗೊತ್ತಿಲ್ದಿದ್ರೆ ನನ್ ಮುಖಕ್ಕೆ ಹೆಂಗ್ ಗೊತ್ತಾಯ್ತದೆ?" ಅನ್ನುತ್ತಿದ್ದಳು. ಹಾಗೆ ಆಡಿಯೇ ಅವಳು ಒಂದು ವರ್ಷ ಅಪ್ಪನ ಗುಡ್ಡೆಯನ್ನೆಲ್ಲ ಗುಡಿಸಿಕೊಂಡು ಹೋದಳು. ಅಪ್ಪನಿಗೆ ಆದ ಸಂತೋಷ ನೋಡಬೇಕಿತ್ತು. ವಾರವೆಲ್ಲ ಸಿಕ್ಕವರಿಗೆ ಮಗಳು ತನ್ನನ್ನು ಸೋಲಿಸಿದ್ದನ್ನು ಹೇಳಿಕೊಂಡು ತಿರುಗಿದ.

ಚಿಕ್ಕಪ್ಪಂದಿರ ಆಟ ಬಿರುಸಾದಾಗ ನಾನು ಎಲೆ ಚೆಲ್ಲಿ ಅಪ್ಪನ ಬಲಗಡೆ ಹೋಗಿ ಕೂರುತ್ತಿದ್ದೆ. ಅವನ ಎಲೆ ನೋಡಲು ನನಗೊಬ್ಬನಿಗೆ ಅನುಮತಿ ಇತ್ತು. ಬಾಯಿ ಬಿಡುವಂತಿರಲಿಲ್ಲ. ಮೊಣಕಾಲು ಒತ್ತಬಹುದಿತ್ತು. ಒಂದು ಸಲ ಒತ್ತಿದರೆ ಆಡು, ಎರಡು ಸಲ ಒತ್ತಿದರೆ ಇಳಿ. ಅಪ್ಪ ತನ್ನ ಲೆಕ್ಕವನ್ನೇ ನಡೆಸುತ್ತಿದ್ದ, ಆದರೂ ಹತ್ತರಲ್ಲಿ ಮೂರು ಸಲ ನನ್ನ ಮಾತು ಕೇಳುತ್ತಿದ್ದ. ಅವನ ಮಗ ಓದಿದವನು ಎಂಬ ಹೆಮ್ಮೆ ಅವನಿಗೆ. ನನಗೂ ಅದೇ ಹೆಮ್ಮೆ ಇದ್ದುದರಿಂದ ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ತೊಂಬತ್ತೇಳರ ಬೇಸಿಗೆಯಲ್ಲಿ ಅಕ್ಕನನ್ನು ನೋಡಲು ಕುಣಿಗಲ್ ಕಡೆಯಿಂದ ಪುಟ್ಟರಾಜು ಎಂಬುವರು ಬಂದರು. ರೇಷ್ಮೆ ಇಲಾಖೆಯಲ್ಲಿ ಕೆಲಸ. ತಂದೆ ಇರಲಿಲ್ಲ, ತಾಯಿ ಮತ್ತು ದೊಡ್ಡಪ್ಪ ಜೊತೆಗೆ ಬಂದಿದ್ದರು. ವರ್ಷತೊಡಕು ಮುಗಿದು ವಾರವಾಗಿದ್ದರೂ ಇಸ್ಪೀಟು ಕಟ್ಟು ಕಿಟಕಿಯ ಮೇಲೇ ಬಿದ್ದಿತ್ತು. ಅವ್ವ ಅದನ್ನು ಬಚ್ಚಿಡಲು ಮರೆತಿದ್ದಳು. ದೊಡ್ಡವರೆಲ್ಲ ಮಳೆ, ತೆಂಗು, ರಾಗಿಯ ಮಾತಿನಲ್ಲಿದ್ದಾಗ ಪುಟ್ಟರಾಜು ಕಟ್ಟಿನ ಮೇಲಿದ್ದ ಎಲೆ ಎತ್ತಿಕೊಂಡರು. ಹಿಂದೆ ಓದಿದರು, ಮುಂದೆ ನೋಡಿದರು, ಇದನ್ನು ಯಾರು ಬರೆದದ್ದು ಎಂದರು. ಅಡುಗೆಮನೆಯ ಬಾಗಿಲಿನಿಂದ ಅಕ್ಕ ನಾನೇ ಎಂದಳು. ಹೆಣ್ಣು ನೋಡಲು ಬಂದ ದಿನ ಹೆಣ್ಣು ಹಾಗೆ ಕೇಳದೆ ಮಾತಾಡಬಾರದು, ಅವ್ವ ಕಣ್ಣು ಬಿಟ್ಟಳು. ಪುಟ್ಟರಾಜು ಮೂಗುತಿ ಚೆನ್ನಾಗಿ ಬಂದಿದೆ ಎಂದು ಎಲೆಯನ್ನು ಇದ್ದಲ್ಲೇ ಇಟ್ಟರು. ಅಷ್ಟೇ. ನಾನು ತಿರುಗಿ ನೋಡಿದಾಗ ಅಕ್ಕನ ಕಿವಿ ಕೆಂಪಾಗಿತ್ತು.

ಅವರು ಒಪ್ಪಿಗೆ ಹೇಳಿ ಕಳಿಸಿದರು. ಮಾತುಕತೆಗೆ ನಾವು ಅವರೂರಿಗೆ ಹೋಗುವುದೆಂದಾಯಿತು. ಉಳಿದಿದ್ದ ತಕರಾರು ಒಂದೇ. ಅವರಿಗೆ ಮದುವೆ ತಮ್ಮ ಮನೆಯ ಮುಂದೆ ಚಪ್ಪರ ಹಾಕಿ ಆಗಬೇಕು, ಅವರ ಮನೆಯಲ್ಲಿ ಎಲ್ಲರ ಮದುವೆಯೂ ಹಾಗೇ ಆಗಿದ್ದು. ನಮಗೆ ತುಮಕೂರಿನ ಛತ್ರದಲ್ಲಿ ಆಗಬೇಕು. ನಮಗೆ ಎಂದೆ, ನಿಜ ಹೇಳಬೇಕೆಂದರೆ ನನಗೆ. ಆಗಷ್ಟೇ ನನಗೆ ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಸದಾಶಿವನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಅಲ್ಲಿಗೆ ಹತ್ತಿರದ ಛತ್ರದಲ್ಲಿ ನಮ್ಮ ಅಕ್ಕನ ಮದುವೆ, ನೀವೆಲ್ಲ ಬರಬೇಕು ಎಂದು ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ಹೇಳಿಯಾಗಿತ್ತು. ದಿನಕ್ಕೆ ನಾಲ್ಕು ಬಸ್ಸಿನ ಊರಿನ ಚಪ್ಪರಕ್ಕೆ ಅವರನ್ನು ಕರೆಯುವುದು ಹೇಗೆ? ಇಪ್ಪತ್ಮೂರು ವರ್ಷದವನಿಗೆ ಇದು ಜೀವ ಹೋಗುವ ಪ್ರಶ್ನೆಯಾಗಿತ್ತು.

ಹೊರಡುವ ಹಿಂದಿನ ದಿನ ಅಕ್ಕ ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿದಳು. ಕೊಡದ ಕಂಠ ಉಜ್ಜುತ್ತ, ನನ್ನ ಮುಖ ನೋಡದೆ ಹೇಳಿದಳು. "ಚಪ್ರಾನೋ ಛತ್ರಾನೋ, ಎಲ್ಲಾದ್ರೂ ಮಾಡ್ಲಿ ಕಣೋ. ನಂಗೇನಿಲ್ಲ. ಜಾಸ್ತಿ ಎಳೀಬ್ಯಾಡಿ." ಬ್ಲೈಂಡ್ ಆಡುವವಳು ಆ ಒಂದು ಸಲ ತನ್ನ ಎಲೆ ನೋಡಿಕೊಂಡಿದ್ದಳು. ನೋಡಿ, ನನಗೊಬ್ಬನಿಗೆ ತೋರಿಸಿದ್ದಳು. ನಾನು ಆಯ್ತು ಬಿಡಕ್ಕ ಎಂದೆ.

ಅಪ್ಪ, ಅವ್ವ, ನಾನು ಮೂರು ಬಸ್ಸು ಬದಲಿಸಿ ಅವರ ಮನೆ ತಲುಪಿದೆವು. ಊಟ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಸೀರೆ, ತಾಳಿ, ತಿಂಗಳು ಎಲ್ಲ ಸಲೀಸಾಗಿ ಒಪ್ಪಿಗೆಯಾಗಿ ಚಪ್ಪರಕ್ಕೆ ಬಂದು ನಿಂತಿತು. ಅವರ ದೊಡ್ಡಪ್ಪ ಚಪ್ಪರ ಎಂದರು, ನಾನು ಛತ್ರ ಎಂದೆ. ಮೂರು ಸುತ್ತು ಹಾಗೇ ಹೋಯಿತು. ಪುಟ್ಟರಾಜು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಅಪ್ಪ ಎಲೆಅಡಿಕೆ ತಟ್ಟೆಗೆ ಕೈಹಾಕಿದ. ಮಾತುಕತೆಯಲ್ಲಿ ಎಲೆಅಡಿಕೆ ಎತ್ತಿಕೊಳ್ಳುವುದೆಂದರೆ ಒಪ್ಪಿಕೊಳ್ಳುವುದು, ಅದು ನನಗೆ ಗೊತ್ತು. ನಾನು ಅವನ ಬಲಗಡೆ ಕೂತಿದ್ದೆ. ಅವನ ಮೊಣಕಾಲನ್ನು ಒಂದು ಸಲ ಒತ್ತಿದೆ.

ಅಪ್ಪ ನನ್ನ ಮುಖ ನೋಡಿದ. ಆ ನೋಟದಲ್ಲಿ ಪ್ರಶ್ನೆಯಿತ್ತು. ನಾನು ಕೈ ತೆಗೆಯಲಿಲ್ಲ. ಅಪ್ಪ ತಟ್ಟೆಯಿಂದ ಕೈ ಹಿಂದಕ್ಕೆ ತಗೊಂಡ, ಟವಲ್ಲು ಹೆಗಲಿಗೆ ಹಾಕಿದ, ಹಂಗಾದ್ರೆ ನಾವು ಬರ್ತೀವಿ ಎಂದು ಎದ್ದು ನಿಂತ.

ನಮ್ಮ ಕಡೆಯ ಮಾತುಕತೆಗಳಲ್ಲಿ ಎದ್ದು ನಿಲ್ಲುವುದೂ ಒಂದು ಮಾತೇ. ಹೊರಡಲಿಕ್ಕೆಂದು ಯಾರೂ ಏಳುವುದಿಲ್ಲ. ಎದ್ದವನ ಕೈಹಿಡಿದು, ಅದೇನು ಹಂಗೆ ಎದ್ದುಬಿಟ್ರಿ, ಕೂತ್ಕೊಳಿ ಎಂದು ಮನೆಯ ಹಿರಿಯರು ಹೇಳಬೇಕು. ಎದ್ದವನು ಎರಡು ಸಲ ಬೇಡವೆಂದು ಮೂರನೆಯ ಸಲ ಕೂರಬೇಕು. ಕೂತ ಮೇಲೆ ಇಬ್ಬರೂ ಅರ್ಧರ್ಧ ಸೋಲಬೇಕು. ಎಷ್ಟೋ ಮದುವೆಗಳು ಹೀಗೆ ಎದ್ದು ಕೂತೇ ಆಗಿರುವುದು. ಅವರ ದೊಡ್ಡಪ್ಪ ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಒಳಗಿನಿಂದ ಪುಟ್ಟರಾಜುವಿನ ತಾಯಿ ಅವಸರವಾಗಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದು ಅವ್ವನ ಮುಂದೆ ನಿಂತರು. ಅವರು ವಿಧವೆ. ಕುಂಕುಮ ಇಡಲು ಪಕ್ಕದ ಮನೆಯ ಹೆಂಗಸೊಬ್ಬಳನ್ನು ಹಿತ್ತಲ ಬಾಗಿಲಿನಿಂದ ಎಳೆದುಕೊಂಡೇ ಬಂದಿದ್ದರು. ಆ ಹೆಂಗಸು ಕುಂಕುಮ ಇಟ್ಟಳು, ತಾಂಬೂಲ ಕೊಟ್ಟಳು. ದೊಡ್ಡಪ್ಪನ ಬಾಯಿ ಮುಚ್ಚಿತು. ಕುಂಕುಮ ತಗೊಂಡ ಮೇಲೆ ಮತ್ತೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಮನೆಯ ಹೆಂಗಸರೇ ಕಳಿಸಿಕೊಡುತ್ತಿದ್ದಾರೆ ಎಂದ ಮೇಲೆ ಇನ್ನೇನು? ನಾವು ಜಗಲಿ ಇಳಿದೆವು.

ಈಗ ನೀವು ನಗಬಹುದು. ರೋಷದಿಂದ ಎದ್ದು ಹೊರಟವರಿಗೆ ಕೂಡಲೇ ಬಸ್ಸು ಸಿಗಬೇಕು. ನಮಗೆ ಸಿಗಲಿಲ್ಲ. ಮುಂದಿನ ಬಸ್ಸಿಗೆ ಒಂದು ಗಂಟೆಗೂ ಮೇಲಿತ್ತು. ನಿಲ್ದಾಣವೆಂದರೆ ರಸ್ತೆಯ ಮೋರಿ ಕಟ್ಟೆ. ಅದು ಅವರ ಮನೆಯ ಎದುರಿಗೇ, ಕೂಗಳತೆಯಲ್ಲಿತ್ತು. ನಾವು ಮೂವರು ಮೋರಿ ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಅವರು ಜಗಲಿಯ ಮೇಲೆ ಸಾಲಾಗಿ ಕೂತರು. ನಡುವೆ ಒಂದು ರಾಗಿ ಹೊಲದ ಕೂಳೆ, ಒಂದು ಹುಲ್ಲಿನ ಮೆದೆ. ಆಕಡೆಯವರು ಈಕಡೆಯವರನ್ನು ನೋಡುತ್ತಿಲ್ಲವೆಂಬಂತೆ, ಈಕಡೆಯವರು ಆಕಡೆಯವರನ್ನು ನೋಡುತ್ತಿಲ್ಲವೆಂಬಂತೆ ಇಡೀ ಒಂದು ಗಂಟೆ ಕೂತಿದ್ದೆವು. ಅವ್ವ ಬಾಯಾರಿಕೆ, ಹೋಗಿ ಒಂದು ಲೋಟ ನೀರು ಕೇಳಿಕೊಂಡು ಬರುತ್ತೇನೆ ಎಂದಳು. ಅದು ಬಾಯಾರಿಕೆಯಲ್ಲ ಎಂದು ನನಗೆ ಗೊತ್ತಿತ್ತು. ಬೇಡ, ನಾವೇ ಹೋದ ಹಾಗಾಗುತ್ತದೆ ಎಂದೆ. ಪುಟ್ಟರಾಜು ಸೈಕಲ್ ತಗೊಂಡು ನಮ್ಮ ಮುಂದೆಯೇ ಅಂಗಡಿಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಮೋರಿಯ ಹತ್ತಿರ ಪೆಡಲು ತುಳಿಯುವುದನ್ನು ನಿಲ್ಲಿಸಿದರು, ಸೈಕಲ್ ತಾನಾಗಿ ಉರುಳಿಕೊಂಡು ನಮ್ಮನ್ನು ದಾಟಿತು. ನಾನು ಆಗ ತಲೆ ಎತ್ತಿದ್ದರೆ ಸಾಕಿತ್ತು. ನಾನು ನನ್ನ ಹೊಸ ಬೂಟಿನ ಧೂಳು ಒರೆಸುತ್ತಿದ್ದೆ.

"ಹೋಗಿ ಮಾತಾಡ್ಲೇನ್ಲಾ?" ಎಂದು ಅಪ್ಪ ಕೇಳಿದ. ಅಪ್ಪ ನನ್ನನ್ನು ಕೇಳಿದ್ದು. ಐವತ್ತೆಂಟು ವರ್ಷದ ಮನುಷ್ಯ, ತಾಲ್ಲೂಕಿನಲ್ಲಿ ಯಾರ ಕೈಗೂ ಸಿಗದ ಮೂರೆಲೆ ಆಟಗಾರ. ನಾನು ಇನ್ನು ಐದು ನಿಮಿಷ ತಡಿಯಪ್ಪ, ಅವರೇ ಬರುತ್ತಾರೆ ಎಂದೆ. ಐದು ನಿಮಿಷಕ್ಕೆ ಬಸ್ಸು ಬಂತು.

ಊರು ಸೇರಿದಾಗ ಸಂಜೆಯಾಗಿತ್ತು. ಅಕ್ಕ ತಲೆ ಬಾಚಿ ಹೂ ಮುಡಿದುಕೊಂಡು ಬಾಗಿಲಲ್ಲಿದ್ದಳು. ಅವ್ವ ಅಳುತ್ತ ಒಳಗೆ ಹೋದಳು. ಅಪ್ಪ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದ. ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡುತ್ತ, "ಅಪ್ಪ ಎದ್ದುಬುಟ್ಟ ಕಣಕ್ಕ" ಎಂದೆ.

ಆ ಮಾತು ಅಪ್ಪನಿಗೆ ಕೇಳಿಸಿತು. ನೀರಿನ ಚೊಂಬು ಅರೆಗಳಿಗೆ ನಿಂತಿತು. ಆಮೇಲೆ ಅವನು ಇನ್ನೊಂದು ಕಾಲು ತೊಳೆದುಕೊಂಡ. ಇಲ್ಲ ಎನ್ನಲಿಲ್ಲ, ಹೌದೆನ್ನಲಿಲ್ಲ. ಅವನ ಮುಖದಲ್ಲಿ ವರ್ಷತೊಡಕಿನ ದಿನದ ಅದೇ ಮುಖವಿತ್ತು. ಅಪ್ಪ ತನ್ನ ಜೀವಮಾನದಲ್ಲಿ ಹೊಡೆದ ಅತಿ ದೊಡ್ಡ ಬುರುಡೆ ಅದು, ಮತ್ತು ಅದನ್ನು ನನಗಾಗಿ ಹೊಡೆದ. ನಾಳೆ ಹೋಗಿ ಅವರನ್ನು ಕಂಡುಬರುತ್ತೇನೆ ಎಂದು ಅಪ್ಪ ಎರಡು ದಿನ ಅಂದುಕೊಂಡ. ಮೂರನೆಯ ದಿನ, ಅವರು ಬೇರೆ ಕಡೆ ಹೆಣ್ಣು ನೋಡಿ ಬಂದರಂತೆ ಎಂಬ ಸುದ್ದಿ ಬಂತು.

ಅವತ್ತಿನಿಂದ ಅಕ್ಕ ಅಪ್ಪನ ಜೊತೆ ಮಾತು ಬಿಟ್ಟಳು. ಜಗಳವಾಡಲಿಲ್ಲ. ತಟ್ಟೆ ಇಡುವಳು, ಮುದ್ದೆ ಬಡಿಸುವಳು, ಸಾರು ಸಾಕೇ ಎಂದು ಕೇಳಬೇಕಾದರೆ ಅವ್ವನ ಕಡೆ ತಿರುಗಿ ಕೇಳುವಳು. ಎರಡು ವರ್ಷದ ಮೇಲೆ ಊರ್ಡಿಗೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದವರಿಗೆ ಎರಡನೆಯ ಹೆಂಡತಿಯಾಗಿ ಹೋದಳು. ಅವರಿಗೆ ಮೊದಲನೆಯವಳು ಬಿಟ್ಟುಹೋದ ನಾಲ್ಕು ವರ್ಷದ ಒಬ್ಬ ಮಗಳಿದ್ದಳು. ಮದುವೆ ಗುಡಿಯಲ್ಲಾಯಿತು. ಚಪ್ಪರವೂ ಇಲ್ಲ, ಛತ್ರವೂ ಇಲ್ಲ. ಕಚೇರಿಯವರನ್ನು ನಾನು ಕರೆಯಲಿಲ್ಲ. ಭಾವ ಒಳ್ಳೆಯವರು, ಮಾತು ಕಮ್ಮಿ, ರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟು. ಅಕ್ಕ ಹಬ್ಬಕ್ಕೆ ಬಂದಾಗ ನನಗೆ ಚಕ್ಕುಲಿ ತರುತ್ತಿದ್ದಳು, ನನ್ನ ಮದುವೆಯಲ್ಲಿ ಕಳಶ ಹಿಡಿದಳು. ಅಪ್ಪನ ಜೊತೆ ಮಾತ್ರ ಇಲ್ಲ. ಅವಳು ಬಂದಾಗ ಅಪ್ಪ ಇಸ್ಪೀಟು ಕಟ್ಟು ತೆಗೆದು ಜಗಲಿಯ ಮೇಲೆ ಇಡುತ್ತಿದ್ದ. ಅವಳು ಕಸ ಗುಡಿಸುವಾಗ ಅದನ್ನೆತ್ತಿ ಮತ್ತೆ ಗೂಡಿಗೆ ಇಡುತ್ತಿದ್ದಳು.

ನಾನು ಇದನ್ನೆಲ್ಲ ನೋಡುತ್ತಿದ್ದೆ. ಹೇಳಿಬಿಡಬೇಕು ಎಂದು ಪ್ರತಿ ಹಬ್ಬದಲ್ಲೂ ಅಂದುಕೊಂಡೆ, ಪ್ರತಿ ಹಬ್ಬದಲ್ಲೂ ಹೋಳಿಗೆ ತಿಂದು ಬಸ್ಸು ಹತ್ತಿದೆ. ಆರು ವರ್ಷ ಹೀಗೆ ಹೋಯಿತು. ಅಪ್ಪ ಎಂಟು ದಿನ ಮಲಗಿ ಹೋಗಿಬಿಟ್ಟ. ಕೊನೆಯ ದಿನ ಅಕ್ಕ ಬಂದು ಅವನ ಬಾಯಿಗೆ ಚಮಚದಲ್ಲಿ ನೀರು ಬಿಟ್ಟಳು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಮಾತಾಡದೆ ಸೆರಗಿನಿಂದ ಅವನ ಬಾಯಿ ಒರೆಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಜೀವನದಲ್ಲಿ ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಬಂದದ್ದು ಇನ್ನೊಂದು ದಿನ ಇಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಕಚೇರಿ ಕೆಲಸಕ್ಕೆ ಕುಣಿಗಲ್‌ಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಸ್ಸಿನ ಬೋರ್ಡು ಓದಿ ಹೇಳಲು ಕೇಳಿದರು. ಅವರ ಊರಿನ ಹೆಸರು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಯಾವೂರಪ್ಪ ಎಂದು ಅವರು ಕೇಳಿದಾಗ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಪುಟ್ಟರಾಜುವಿನ ತಾಯಿ ನನ್ನನ್ನು ಬಹಳ ಹೊತ್ತು ನೋಡುತ್ತ ಕೂತರು. ಮಗನಿಗೆ ಮದುವೆಯಾಗಿದೆ, ಎರಡು ಮಕ್ಕಳು, ರಾಮನಗರದ ಕಡೆಗೆ ವರ್ಗವಾಗಿದೆ ಎಂದರು. ಆಮೇಲೆ, ನಾನು ಕೇಳದೆಯೇ, ಅವತ್ತಿನ ಮಾತು ತೆಗೆದರು.

"ಕುಂಕುಮ ತಂದಿದ್ದು ನಿಮ್ಮನ್ನ ಕಳ್ಸೋಕಲ್ಲ ಕಣಪ್ಪ. ನಿಮ್ಮವ್ವ ಕುಂಕುಮ ಇಲ್ದೆ ಹೊಸ್ಲು ದಾಟಾಕಿಲ್ಲ, ಅಷ್ಟೊತ್ತು ತಡ್ಕೊಂಡಂಗೆ ಆಯ್ತದೆ, ಅಷ್ಟ್ರಲ್ಲಿ ನಮ್ಮ್ ಭಾವ ಕೂತ್ಕಳಿ ಅಂತಾರೆ ಅಂದ್ಕೊಂಡೆ. ಅವ್ರು, ನೀನೇ ಕಳ್ಸಿಕೊಟ್ಟಲ್ಲಮ್ಮ ಅಂದ್ರು."

ಅವರ ಭಾವ, ಅಂದರೆ ಆ ದೊಡ್ಡಪ್ಪ, ಛತ್ರಕ್ಕೆ ಆಗಲೇ ಒಪ್ಪಿದ್ದರಂತೆ. ಜಗಲಿಯ ಮೇಲೆ ಕೂತು, ಆ ಮೂವರಲ್ಲಿ ಒಬ್ಬರು ತಿರುಗಿ ನೋಡಲಿ, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಬಸ್ಸು ಬರುವವರೆಗೂ ಹೇಳುತ್ತಿದ್ದರಂತೆ. ಪುಟ್ಟರಾಜು ಸೈಕಲ್ ತಗೊಂಡು ಬಂದದ್ದೂ ಅದಕ್ಕೇ. ಆ ಮಗಳು ಹೆಂಗವ್ಳೆ ಎಂದು ಅವರು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಅವರ ಬಸ್ಸು ಬಂತು, ಕೈಹಿಡಿದು ಹತ್ತಿಸಿದೆ.

ಬುರುಡೆ ಫಲಿಸಿತ್ತು. ಅದೇ ನನ್ನನ್ನು ತಿಂದದ್ದು. ಸೋತಿದ್ದರೆ ಹಣೆಬರಹ ಎನ್ನಬಹುದಿತ್ತು. ಗೆದ್ದ ಆಟವನ್ನು ಮೋರಿ ಕಟ್ಟೆಯ ಮೇಲೆ ಬಿಟ್ಟು, ಅಕ್ಕನ ಬೀಜಗಳನ್ನೆಲ್ಲ ಚೆಲ್ಲಿ ನಾನು ಬಸ್ಸು ಹತ್ತಿದ್ದೆ. ಆಮೇಲೆ ಅಟ್ಟದಲ್ಲಿ ಡಬ್ಬಿ ಸಿಕ್ಕಿದಾಗ ಇನ್ನು ತಡೆಯಲಾಗಲಿಲ್ಲ. ಈ ವರ್ಷತೊಡಕಿನ ದಿನ ಡಬ್ಬಿ ಹಿಡಿದುಕೊಂಡು ಊರ್ಡಿಗೆರೆಗೆ ಹೋದೆ.

ಊಟವಾದ ಮೇಲೆ ಭಾವ ಗಿರಣಿಗೆ ಹೋದರು. ಈಗ ಕಾಲೇಜಿಗೆ ಹೋಗುವ ಅವರ ಮಗಳು ಒಳಗೆ ಓದಲು ಕೂತಳು. ಅಕ್ಕ ಜಗಲಿಯ ಮೇಲೆ ಚಾಪೆ ಹಾಸಿ ಎಲೆ ಕಲಸಿದಳು. ಅವಳ ಕೂದಲು ಕಿವಿಯ ಮೇಲೆ ನೆರೆತಿತ್ತು. ಇಬ್ಬರೇ ಆಡಿದರೆ ಚೆನ್ನಾಗಿರುವುದಿಲ್ಲ ಎನ್ನುತ್ತಲೇ ಮೂರು ಮೂರು ಎಲೆ ಹಾಕಿದಳು. ತನ್ನ ಎಲೆಗಳ ಮೇಲೆ ಡಬ್ಬಿಯ ಮುಚ್ಚಳ ಇಟ್ಟಳು.

ನಾನು ಎಲ್ಲವನ್ನೂ ಹೇಳಿದೆ. ಮೊಣಕಾಲು ಒತ್ತಿದ್ದು, ಅಪ್ಪ ನನ್ನ ಮುಖ ನೋಡಿದ್ದು, ಮೋರಿ ಕಟ್ಟೆ, ಸೈಕಲ್ಲು, ಕುಣಿಗಲ್ ನಿಲ್ದಾಣದಲ್ಲಿ ಕೇಳಿದ್ದು. ಹೇಳುತ್ತ ಹೇಳುತ್ತ ನನ್ನ ಎದೆ ಹಗುರವಾಗುತ್ತಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅಕ್ಕ ಕೊನೆಯವರೆಗೂ ಒಂದು ಹುಣಸೆ ಬೀಜವನ್ನು ಬೆರಳಲ್ಲಿ ಉರುಳಿಸುತ್ತಿದ್ದಳು.

"ಅನುಮಾನ ಇತ್ತು," ಎಂದಳು. "ಅವತ್ತಿಂದ್ಲೂ ಇತ್ತು. ನೀನು ಗೋಡೆ ನೋಡ್ಕೊಂಡು ಅಪ್ಪನ ಹೆಸ್ರು ಹೇಳ್ದೆ."

ಹಾಗಾದರೆ ಅಪ್ಪನ ಜೊತೆ ಯಾಕೆ ಮಾತು ಬಿಟ್ಟೆ ಎಂದು ಕೇಳಿದೆ.

"ಮಾತಾಡಿದ್ರೆ ಒಂದಲ್ಲ ಒಂದಿನ ಅವ್ನು ನಿಜ ಹೇಳ್ಬುಡೋನು. ಕೇಳಿದ್ಮೇಲೆ ನಿನ್ನ ಮನೆಗೆ ಸೇರ್ಸ್ಕೊಳ್ಳೋಕೆ ನನ್ ಕೈಲಿ ಆಗ್ತಿತ್ತಾ? ಇರೋನು ಒಬ್ಬ ತಮ್ಮ. ಅಪ್ಪ ತಡ್ಕೋತಾನೆ ಅಂದ್ಕೊಂಡೆ." ಬೆರಳಲ್ಲಿದ್ದ ಬೀಜವನ್ನು ಡಬ್ಬಿಗೆ ಹಾಕಿದಳು. "ಆದ್ರೂ ಅಪ್ಪನೇ ಎದ್ದಿರ್ಬೋದು ಅಂತ ಒಂದ್ ಚೂರು ಇತ್ತು ಕಣೋ. ಅವನ ಬಾಯಿಗೆ ನೀರ್ ಬಿಟ್ಟಾಗ್ಲೂ ಅದನ್ನೇ ಹಿಡ್ಕೊಂಡಿದ್ದೆ. ಈಗ ಅದೂ ಇಲ್ಲ."

ವರ್ಷತೊಡಕಿನ ದಿನ ಅಳಬಾರದು ಎಂದು ನಮಗೆಲ್ಲ ಹೇಳಿಕೊಟ್ಟವಳು ಅವಳೇ. ಸೆರಗು ಬಾಯಿಗೊತ್ತಿಕೊಂಡು, ಒಳಗೆ ಓದುತ್ತಿದ್ದ ಮಗಳಿಗೆ ಕೇಳಿಸದ ಹಾಗೆ ಅಳತೊಡಗಿದಳು. ಅಪ್ಪನಿಗಾಗಿ ಅವಳು ಅತ್ತಿದ್ದು ಅವತ್ತೇ ಮೊದಲು. ನಾನು ಏನಾದರೂ ಹೇಳಬೇಕೆಂದು ಕೈ ಚಾಚಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ನಾನ್ ಕೇಳಿದ್ನೇನೋ ನಿನ್ನ?" ಎಂದಳು.

ಐದೂವರೆಯ ಬಸ್ಸಿಗೆ ಹೊರಟೆ. ಅಕ್ಕ ಮುಖ ತೊಳೆದುಕೊಂಡು ಬಂದು ಡಬ್ಬಿಗೆ ಎಲೆ ತುಂಬಿ, ಬೀಜ ತುಂಬಿ, ಮುಚ್ಚಳ ಒತ್ತಿ ಕೈಗೆ ಕೊಟ್ಟಳು. ನನ್ನ ಹೆಂಡತಿಗೆಂದು ಕುಂಕುಮವನ್ನೂ ಒಂದು ಕಾಗದದಲ್ಲಿ ಕಟ್ಟಿಕೊಟ್ಟಳು. ಮನೆಗೆ ಬಂದು ಎಣಿಸಿದಾಗ ಅಂಗಡಿಯ ಐವತ್ತೊಂದೇ ಎಲೆ ಇದ್ದವು.